ಮಂಗಳಕ್ಕನ ಹದಿನೆಂಟು–ಐವತ್ತೈದು

ಮಂಗಳಕ್ಕ ರಸ್ತೆಯ ಆ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಈ ತುದಿಯಲ್ಲಿದ್ದ ಹಿರಿಯ ನಾಗರಿಕರೆಲ್ಲ ಪಕ್ಕದ ಕ್ರಾಸಿಗೆ ತಿರುಗಿಬಿಡುತ್ತಿದ್ದರು. ಮಂಡಿನೋವೆಂದು ಹೆಜ್ಜೆಗೊಮ್ಮೆ ನಿಂತು ಉಸ್ಸಪ್ಪ ಅನ್ನುತ್ತಿದ್ದವರೂ ಆಗ ಮಾತ್ರ ಬಿರಬಿರನೆ ನಡೆಯುತ್ತಿದ್ದರು. ನಿವೃತ್ತ ಹೆಡ್‌ಮಾಸ್ಟರೊಬ್ಬರು ಹಾಲಿನ ಬೂತಿನ ಹಿಂದೆ ಖಾಲಿ ಕ್ರೇಟುಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅವರೆಲ್ಲ ಹೆದರುತ್ತಿದ್ದದ್ದು ಮಂಗಳಕ್ಕನಿಗಲ್ಲ, ಅವರ ಕೊರಳಲ್ಲಿ ನೇತಾಡುತ್ತಿದ್ದ ಕ್ಯಾಮೆರಾಕ್ಕೆ. ನೈಟಿ, ನೈಟಿಯ ಮೇಲೊಂದು ವೇಲು, ಕೊರಳಲ್ಲಿ ತಾಳಿಸರ, ಲಿಂಗದ ಬೆಳ್ಳಿ ಕರಡಿಗೆ, ಅವೆಲ್ಲದರ ಮೇಲೆ ಕಪ್ಪು ಪಟ್ಟಿಯಲ್ಲಿ ತೂಗುವ ಕ್ಯಾಮೆರಾ. ಅರವತ್ತು ದಾಟಿದವರು ಯಾರಾದರೂ ಎದುರಿಗೆ ಸಿಕ್ಕರೆ ಮಂಗಳಕ್ಕ ತಲೆ ಓರೆ ಮಾಡಿ, ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಅಳೆಯುತ್ತಿದ್ದರು. ಗೋಡೆಗೆ ಎಷ್ಟು ದೊಡ್ಡ ಫ್ರೇಮು ಬೇಕಾದೀತು ಅಂತ ಲೆಕ್ಕ ಹಾಕುತ್ತಿದ್ದಾರೆ ಎಂದು ರಸ್ತೆಯ ಜನ ನಂಬಿದ್ದರು. ಆ ನಂಬಿಕೆ ಪೂರ್ತಿ ತಪ್ಪೇನೂ ಆಗಿರಲಿಲ್ಲ.

ಬಸವೇಶ್ವರನಗರದ ಅವರ ಮನೆಯ ಮೇಲ್ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ರಸ್ತೆಗೆಲ್ಲ ಅವರು ಮಂಗಳಕ್ಕ, ನನಗೆ ಆಂಟಿ. ದಾವಣಗೆರೆ ಕಡೆಯವರು. ಗಂಡ ಮಹಾರುದ್ರಪ್ಪನವರು ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ನಿವೃತ್ತಿಯಾದ ಸಂಗತಿ ಇಲಾಖೆಗೆ ಮಾತ್ರ ಗೊತ್ತಿತ್ತು, ಅವರಿಗಿನ್ನೂ ತಲುಪಿರಲಿಲ್ಲ. ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ರಸಮಟ್ಟ ಹೊರಗೆ ಬರುತ್ತಿತ್ತು. ಗಾರೆಯವರು ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಇಡುತ್ತಾರಲ್ಲ, ನಡುವೆ ಗಾಳಿಗುಳ್ಳೆ ಓಡಾಡುವ ಪಟ್ಟಿ, ಅದು. ಮಹಾರುದ್ರಪ್ಪನವರದ್ದು ಗೇಣುದ್ದದ್ದು. ಅದನ್ನು ಅವರು ಓದುವ ಕನ್ನಡಕದ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು.

ಕ್ಯಾಮೆರಾ ಆ ಮನೆಗೆ ಬಂದಿದ್ದೇ ಒಂದು ಅನ್ಯಾಯ. ದೀಪಾವಳಿಗೆ ವಿಜಯನಗರದ ಅಂಗಡಿಯೊಂದರಲ್ಲಿ ಫ್ರಿಜ್ಜು ಕೊಂಡಾಗ ಒಂದು ಕೂಪನ್ ಕೊಟ್ಟಿದ್ದರು. ಮಂಗಳಕ್ಕ ಮನಸ್ಸಿಟ್ಟಿದ್ದು ಎರಡನೇ ಬಹುಮಾನದ ವೆಟ್ ಗ್ರೈಂಡರಿನ ಮೇಲೆ. ಬಂದಿದ್ದು ಮೊದಲನೇ ಬಹುಮಾನ, ಈ ಕ್ಯಾಮೆರಾ. "ದೇವ್ರಿಗೂ ಒಂದೊಂದ್ಸಲ ಅಡ್ರೆಸ್ ತಪ್ಪುತ್ತೆ ನೋಡಪ್ಪ" ಅಂತ ನನ್ನ ಹತ್ತಿರ ಹೇಳಿಕೊಂಡರು. ಗ್ರೈಂಡರು ಸುಂಕದಕಟ್ಟೆಯ ಒಬ್ಬ ಹೆಂಗಸಿಗೆ ಹೋಗಿದೆ ಎಂದು ಅಂಗಡಿಯವರಿಂದ ತಿಳಿದುಕೊಂಡು, ನನ್ನ ಸ್ಕೂಟರಿನ ಹಿಂದೆ ಕ್ಯಾಮೆರಾ ಡಬ್ಬ ತಬ್ಬಿಕೊಂಡು ಕೂತು, ಮಾಗಡಿ ರೋಡಿನ ಟ್ರಾಫಿಕ್ಕಿನಲ್ಲಿ ಅಲ್ಲಿಗೂ ಹೋದರು. ಬದಲಾಯಿಸಿಕೊಳ್ಳೋಣವೇ ಎಂದು ಕೇಳಿದ್ದಕ್ಕೆ ಆ ಹೆಂಗಸು ಡಬ್ಬವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಚೆನ್ನಾಗೇನೋ ಇದೆ ಆಂಟಿ. ಆದ್ರೆ ಇದ್ರಲ್ಲಿ ಉದ್ದು ರುಬ್ಬಕ್ಕಾಗುತ್ತಾ?" ಅಂದಳು. ಮಂಗಳಕ್ಕ ಡಬ್ಬ ತಬ್ಬಿಕೊಂಡು ಮತ್ತೆ ಸ್ಕೂಟರು ಹತ್ತಿದರು. ವಾಪಸು ಬರುವ ದಾರಿಯುದ್ದಕ್ಕೂ, "ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆ ಕಣಪ್ಪ" ಅನ್ನುತ್ತಲೇ ಇದ್ದರು.

ಹಾಗಾಗಿ ಕ್ಯಾಮೆರಾ ಉಳಿಯಿತು. ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಕ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅಪಘಾತವಾದ ಕಾರುಗಳ ಫೋಟೋ ತೆಗೆದು ವಿಮಾ ಕಂಪನಿಗೆ ವರದಿ ಕೊಡುವವನು. ಮಂಗಳಕ್ಕನ ಪ್ರಕಾರ ಅದು ಫೋಟೋ ತೆಗೆಯುವ ಕೆಲಸವೇ ಅಲ್ಲ. "ಗುದ್ದಿಸಿಕೊಂಡ ಬಂಪರ್ರು ಅಲ್ಲಾಡಲ್ಲ, ಕಣ್ಣು ಮಿಟುಕಿಸಲ್ಲ, ನಾನು ದಪ್ಪ ಕಾಣ್ತೀನಿ ಅಂತ ಗಲಾಟೆ ಮಾಡಲ್ಲ. ಸುಖವಾಗಿದ್ದೀಯ ಬಿಡು."

ಡಬ್ಬ ಬಿಚ್ಚಿದ ಕೂಡಲೇ ಅವರ ಕಣ್ಣಿಗೆ ಬಿದ್ದದ್ದು ಲೆನ್ಸಿನ ಮೂತಿಯ ಸುತ್ತ ಬರೆದಿದ್ದ ಅಂಕಿ.

"ಇದೇನಪ್ಪ, ಹದಿನೆಂಟರಿಂದ ಐವತ್ತೈದು ಅಂತ ಬರ್ದಿದಾನೆ? ನಂಗಾಗ್ಲೇ ಅರವತ್ತೊಂದು."

ನನಗೆ ಒಂದು ಗಳಿಗೆ ತಿಳಿಯಲಿಲ್ಲ. ಅವರು ಅದನ್ನು ವಯೋಮಿತಿ ಅಂದುಕೊಂಡಿದ್ದರು. ಸರ್ಕಾರಿ ನೌಕರಿಯ ಮನೆ. ಅರ್ಜಿ, ಬಡ್ತಿ, ವಿಮೆ, ಯಾತ್ರೆಯ ರಿಯಾಯಿತಿ, ಎಲ್ಲದಕ್ಕೂ ಇಷ್ಟರಿಂದ ಇಷ್ಟು ವಯಸ್ಸು ಎಂದು ಓದಿ ಓದಿ ಅಭ್ಯಾಸವಾಗಿಹೋಗಿತ್ತು. ಐವತ್ತೈದು ದಾಟಿದವರು ಇದನ್ನು ಮುಟ್ಟಬಾರದೋ ಅಥವಾ ಅವರ ಫೋಟೋ ಇದರಲ್ಲಿ ಬೀಳುವುದಿಲ್ಲವೋ ಎನ್ನುವುದಷ್ಟೇ ಅವರಿಗಿದ್ದ ಅನುಮಾನ.

"ವಯಸ್ಸಲ್ಲ ಆಂಟಿ, ಅದು ದೂರ ಹತ್ತಿರದ ಲೆಕ್ಕ. ಹದಿನೆಂಟಕ್ಕೆ ತಿರುಗ್ಸಿದ್ರೆ ಇಡೀ ಹಾಲ್ ಬರುತ್ತೆ. ಐವತ್ತೈದಕ್ಕೆ ತಿರುಗ್ಸಿದ್ರೆ ಒಬ್ಬರ ಮುಖ ಮಾತ್ರ."

"ಮತ್ತೆ ವಯಸ್ಸಿನ ಲೆಕ್ಕಾನೇ ಆಯ್ತಲ್ಲೋ. ಹದಿನೆಂಟ್ರಲ್ಲಿ ಇಡೀ ಊರೇ ಬೇಕು ಅನ್ಸುತ್ತೆ. ಐವತ್ತೈದಾದ್ಮೇಲೆ ಒಬ್ರ ಮುಖ ನೋಡ್ಕೊಂಡು ಕೂತಿರ್ಬೇಕು."

ಹಾಗಂದು ಪೇಪರ್ ಓದುತ್ತಿದ್ದ ಗಂಡನ ಕಡೆ ನೋಡಿದರು. ಪೇಪರು ಕದಲಲಿಲ್ಲ.

ಮುಂದೆ ಒಂದೊಂದೇ ಗುಣವನ್ನು ನಾನು ಓದಿ ಹೇಳಿದ ಹಾಗೆ ಮಂಗಳಕ್ಕ ಅದಕ್ಕೆ ಮನೆಯವರ ಹೆಸರಿಡುತ್ತ ಹೋದರು. ಕ್ಯಾಮೆರಾದ ನೆತ್ತಿಯ ಮೇಲೆ ಒಂದು ಗುಂಡನೆಯ ತಿರುಗಣೆ, ಅದರಲ್ಲಿ ಹಸಿರು ಬಣ್ಣದ್ದು ಆಟೋ. "ಇದಕ್ಕಿಟ್ರೆ ನೀವೇನೂ ಮಾಡೋ ಹಾಗಿಲ್ಲ ಆಂಟಿ. ಬೆಳಕು, ಫೋಕಸ್ಸು, ಎಲ್ಲಾ ಅದೇ ನಿರ್ಧಾರ ಮಾಡುತ್ತೆ" ಅಂದೆ. "ಯಾರ್ನೂ ಕೇಳಲ್ವಾ?" "ಇಲ್ಲ." "ತಪ್ಪಾದ್ರೆ?" "ಆಗಿದ್ದು ಆಯ್ತು ಅಷ್ಟೇ." ಮಂಗಳಕ್ಕ ದನಿ ತಗ್ಗಿಸಿ, "ನಮ್ಮನೆಯವ್ರು" ಅಂದರು. ಮನೆ ಕಟ್ಟಿಸುವಾಗ ಅಡುಗೆಮನೆ ಕಿಟಕಿಯನ್ನು ಯಾರನ್ನೂ ಕೇಳದೆ ಪಶ್ಚಿಮಕ್ಕೆ ಇಡಿಸಿ, ಒಗ್ಗರಣೆಯ ಘಾಟೆಲ್ಲ ಹಾಲಿಗೆ ನುಗ್ಗಿದಾಗ, ಗಾಳಿ ಬೀಸುವ ದಿಕ್ಕೇ ತಪ್ಪು ಎಂದು ವಾದಿಸಿದ ಮಹಾನುಭಾವರು ಮಹಾರುದ್ರಪ್ಪನವರು. ಆಟೋ ಮೋಡಿಗೆ ಅವತ್ತಿನಿಂದ ನಮ್ಮಿಬ್ಬರ ನಡುವೆ ಯಜಮಾನ್ರು ಎಂದೇ ಹೆಸರು.

ಫ್ಲಾಷಿಗೆ ನಾಗರತ್ನ. ಮಹಾರುದ್ರಪ್ಪನವರ ತಂಗಿ, ಕೆಂಗೇರಿಯಲ್ಲಿದ್ದರು. ಸ್ವಲ್ಪ ಬೆಳಕು ಕಮ್ಮಿಯಾಯಿತು ಅನ್ನಿಸಿದರೆ ಯಾರೂ ಕರೆಯದೆಯೇ ಟಕ್ಕೆಂದು ಎದ್ದು ನಿಲ್ಲುವ ಅದರ ಸ್ವಭಾವ ನೋಡಿದ ತಕ್ಷಣ ಮಂಗಳಕ್ಕನಿಗೆ ಗುರುತು ಸಿಕ್ಕಿತು. ಈ ಮನೆಯಲ್ಲಿ ಗಂಡ ಹೆಂಡತಿ ಒಂದು ಮಾತು ಜೋರಾಗಿ ಆಡಿದರೆ ಕೆಂಗೇರಿಯಿಂದ ಬಸ್ಸು ಹಿಡಿದು ಬಂದುಬಿಡುವವರು ನಾಗರತ್ನ. "ಅವಳು ಬಂದ್ರೆ ಎಲ್ರ ಮುಖಾನೂ ಬಿಳಚ್ಕೊಳ್ಳುತ್ತೆ. ಹೋದ್ಮೇಲೆ ನೋಡಿದ್ರೆ ಎಲ್ರ ಕಣ್ಣೂ ಕೆಂಪಗಿರುತ್ತೆ" ಅಂದರು. ಫ್ಲಾಷಿನ ವಿಷಯದಲ್ಲೂ ಪುಸ್ತಕದಲ್ಲಿ ಹಾಗೇ ಬರೆದಿತ್ತು. ಒಬ್ಬರನ್ನು ಮಾತ್ರ ಸ್ಪಷ್ಟವಾಗಿ ತೋರಿಸಿ ಮಿಕ್ಕವರನ್ನೆಲ್ಲ ಮಸುಕು ಮಾಡುವ ಪೋರ್ಟ್ರೇಟ್ ಮೋಡು ತೀರಿಹೋದ ಅತ್ತೆ, ಅವರಿಗೆ ದೊಡ್ಡ ಮಗ ಒಬ್ಬನೇ ಕಾಣುತ್ತಿದ್ದದ್ದಂತೆ. ಕತ್ತಲಲ್ಲೂ ಕಣ್ಣರಳಿಸಿ ನೋಡುವ, ತೀರ ಅರಳಿಸಿದರೆ ಇಲ್ಲದ ಚುಕ್ಕೆಗಳನ್ನೂ ತೋರಿಸುವ ಐಎಸ್‌ಒ ಎದುರುಮನೆಯ ಸುಶೀಲಮ್ಮ. ಕೊನೆಗೆ ಉಳಿದದ್ದು ಮ್ಯಾನುಯಲ್, ಎಲ್ಲವನ್ನೂ ಕೈಯಾರೆ ಮಾಡಬೇಕಾದ್ದು. "ಅದು ನಾನು ಬಿಡು" ಅಂದುಬಿಟ್ಟರು. ಈಗಲೂ ಒಡೆದ ಹೆಡ್‌ಲೈಟಿನ ಫೋಟೋ ತೆಗೆಯುವಾಗ ಗಾಜು ಹೊಳೆಯುತ್ತಿದ್ದರೆ, ನಾಗರತ್ನನ ಆಫ್ ಮಾಡಬೇಕು ಎಂದೇ ನನ್ನ ಮನಸ್ಸಿಗೆ ಬರುವುದು.

ಕ್ಯಾಮೆರಾದ ಬೆನ್ನಿಗೆ ಅಷ್ಟು ದೊಡ್ಡ ಪರದೆ ಇದ್ದರೂ ಮಂಗಳಕ್ಕ ಅದನ್ನು ನೋಡಿ ಫೋಟೋ ತೆಗೆದವರಲ್ಲ. ಯಾವಾಗಲೂ ಆ ಸಣ್ಣ ಕಿಂಡಿಗೇ ಕಣ್ಣಿಡಬೇಕು. ಯಾಕೆ ಎಂದರೆ, "ಎರಡೂ ಕಣ್ಣು ಬಿಟ್ಕೊಂಡು ನಲವತ್ತು ವರ್ಷ ಸಂಸಾರ ನೋಡಿದ್ದಾಯ್ತು. ಒಂದ್ಕಣ್ಣು ಮುಚ್ಚಿದ್ರೇನೇ ಜನ ಸಹಿಸೋ ಹಾಗೆ ಕಾಣೋದು" ಅನ್ನುತ್ತಿದ್ದರು.

ಇಷ್ಟಾದರೂ ಮೊದಲ ಕೆಲವು ತಿಂಗಳು ಅವರು ತೆಗೆದದ್ದು ದಾಸವಾಳ, ಬೀದಿನಾಯಿ, ತುಂಬಿ ಹರಿಯುವ ನೀರಿನ ಟ್ಯಾಂಕು. ಗೋಡೆ ಫೋಟೋದ ಹುಚ್ಚು ಹಿಡಿದದ್ದು ಕೊನೆಮನೆ ಮರಿಗೌಡರು ತೀರಿಕೊಂಡ ಮೇಲೆ. ನಮ್ಮ ರಸ್ತೆ ರಾಗಿಹೊಲವಾಗಿದ್ದಾಗಿನಿಂದ ಇದ್ದ ಹಿರಿಯರು. ಮೂಲೆಯಲ್ಲಿ ಭಾವಪೂರ್ಣ ಶ್ರದ್ಧಾಂಜಲಿಯ ಆಳೆತ್ತರದ ಫ್ಲೆಕ್ಸು ನಿಂತಿತು. ಗೌಡರದ್ದು ಒಂಟಿ ಫೋಟೋ ಒಂದೂ ಇರಲಿಲ್ಲವಾದ್ದರಿಂದ ಯಾವುದೋ ಮದುವೆಯ ಗುಂಪಿನಿಂದ ಅವರನ್ನು ಕತ್ತರಿಸಿ ತೆಗೆದಿದ್ದರು. ಕತ್ತರಿಸಿದವನು ಅವಸರದಲ್ಲಿದ್ದನೋ ಏನೋ, ಗೌಡರ ಎಡ ಹೆಗಲ ಮೇಲೆ ಉಗುರಿಗೆ ಕೆಂಪು ಬಣ್ಣ ಹಚ್ಚಿದ ನಾಲ್ಕು ಬೆರಳು ಮತ್ತು ಒಂದಷ್ಟು ಬಳೆ ಉಳಿದುಬಿಟ್ಟಿತ್ತು. ಉಗುರಿಗೆ ಬಣ್ಣ ಹಚ್ಚುವವರು ಅವರ ಮನೆಯಲ್ಲಿ ಯಾರೂ ಇರಲಿಲ್ಲ. ಸಮಾಧಾನ ಹೇಳಲು ಬಂದವರೆಲ್ಲ ಮೊದಲು ಫ್ಲೆಕ್ಸಿನ ಮುಂದೆ ನಿಂತು ಆ ಕೈಯನ್ನೇ ನೋಡಿ ಆಮೇಲೆ ಒಳಗೆ ಹೋಗುತ್ತಿದ್ದರು. ಗೌಡರ ಹೆಂಡತಿಗೆ ಗಂಡ ಹೋದ ದುಃಖ ಹಿಂದೆ ಬಿದ್ದು, "ಆ ಕೈ ಯಾರ್ದು? ಯಾರ್ದು ಹೇಳ್ರೋ ಆ ಕೈಯಿ!" ಎಂಬುದೇ ದೊಡ್ಡದಾಯಿತು. ತಿಥಿಯ ದಿನವೂ ಅದಕ್ಕೆ ಉತ್ತರ ಸಿಗಲಿಲ್ಲ.

ಮಂಗಳಕ್ಕ ಅಲ್ಲಿಂದ ಮನೆಗೆ ಬಂದು ತಮ್ಮ ಅತ್ತೆಯ ಫೋಟೋ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು. ಮತದಾರರ ಚೀಟಿಯ ಫೋಟೋವನ್ನೇ ಎಳೆದು ದೊಡ್ಡದು ಮಾಡಿಸಿದ್ದು. ಅದರಲ್ಲಿ ಅತ್ತೆಗೆ ಮೂಗಿರಲಿಲ್ಲ, ಕೆನ್ನೆಯ ಮೇಲೆ ಸೀಲಿನ ಅರ್ಧಚಂದ್ರ ಇತ್ತು. "ಬದುಕಿರೋವಾಗ ನೆಟ್ಟಗೆ ಒಂದು ಫೋಟೋ ತೆಗೆಸ್ಕೊಳ್ಳೋಕೆ ಏನು ರೋಗ ಇವ್ರಿಗೆಲ್ಲ? ಸತ್ಮೇಲೆ ಯಾರದೋ ಕೈ ಹೆಗಲ ಮೇಲೆ ಹಾಕ್ಕೊಂಡು ನಿಂತ್ಕೋತಾರೆ" ಅಂದರು. ಮರುದಿನ ಬೆಳಿಗ್ಗೆ ಕಾಂಪೌಂಡಿನ ಹೊರಗಿನ ಕಲ್ಲುಬೆಂಚನ್ನು ತೊಳೆಸಿ, ಬಿಸಿಲು ಹೊಂಗೆಮರದಿಂದ ಸೋಸಿ ಬರುವ ಹೊತ್ತಿಗೆ ಕ್ಯಾಮೆರಾ ಹಿಡಿದು ನಿಂತರು.

ಅವರು ಕೆಲಸ ಮಾಡುತ್ತಿದ್ದ ರೀತಿ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಹಿರಿಯರು ಕ್ಯಾಮೆರಾ ಮುಂದೆ ಕೂತರೆ ತೀರ್ಪು ಕೇಳಲು ಬಂದವರ ಹಾಗೆ ಬಿಗಿದುಕೊಳ್ಳುತ್ತಾರೆ. ನಗಿ ಅಂದರೆ ಹಲ್ಲು ನೋವು ಬಂದವರಂತೆ ಮಾಡುತ್ತಾರೆ. ಮಂಗಳಕ್ಕ ನಗಿ ಅನ್ನುತ್ತಲೇ ಇರಲಿಲ್ಲ. ಲೆನ್ಸನ್ನು ಐವತ್ತೈದಕ್ಕೆ ತಿರುಗಿಸಿ, ಕಿಂಡಿಗೆ ಕಣ್ಣಿಟ್ಟು, "ನಿಮ್ಮ ಬೀಗರು ಹೇಗಿದಾರೆ?" ಎಂದು ಕೇಳುತ್ತಿದ್ದರು. ಅಷ್ಟೇ. ಕೂತವರ ಕಣ್ಣಿಗೆ ಎಲ್ಲಿಂದಲೋ ಬೆಳಕು ಬರುತ್ತಿತ್ತು, ಕೆನ್ನೆ ತುಂಬಿಕೊಳ್ಳುತ್ತಿತ್ತು, ಬೆನ್ನು ನೆಟ್ಟಗಾಗುತ್ತಿತ್ತು. ಮಗಳ ಮದುವೆಯಲ್ಲಿ ಹಾಕಿದ ಮೈಸೂರುಪಾಕು ಗಟ್ಟಿಯಾಗಿತ್ತೆಂದು ಇಪ್ಪತ್ತು ವರ್ಷದಿಂದ ಆಡಿಕೊಳ್ಳುತ್ತಿರುವ ಬೀಗರನ್ನು ನೆನೆಸಿಕೊಂಡರೆ ಯಾರ ಮುಖಕ್ಕೆ ಕಳೆ ಬರುವುದಿಲ್ಲ ಹೇಳಿ. ನಮ್ಮ ರಸ್ತೆಯ ಮನೆಗಳಲ್ಲಿ ಈಗ ಹಾರ ಹಾಕಿಸಿಕೊಂಡು ತೇಜಸ್ಸಿನಿಂದ ಬೆಳಗುತ್ತಿರುವ ಹಿರಿಯರ ಫೋಟೋಗಳನ್ನು ನೋಡಿ ಜನ ಕೈಮುಗಿಯುತ್ತಾರೆ. ಅವರೆಲ್ಲ ಆ ಗಳಿಗೆಯಲ್ಲಿ ಯಾರನ್ನು ಬೈಯುತ್ತಿದ್ದರು ಎಂಬುದು ನನಗೆ ಗೊತ್ತು.

ತೊಂದರೆ ಆದದ್ದು ಆಮೇಲೆ. ಮೊದಮೊದಲು ಫೋಟೋ ತೆಗೆಸಿಕೊಂಡವರಲ್ಲಿ ಮೂವರು ಅದೇ ಚಳಿಗಾಲದಲ್ಲಿ ಒಬ್ಬರ ಹಿಂದೊಬ್ಬರು ಹೋಗಿಬಿಟ್ಟರು. ಮೂವರೂ ಎಂಬತ್ತು ದಾಟಿದವರು, ಮೂವರಿಗೂ ಡಾಕ್ಟರು ಕೈಚೆಲ್ಲಿ ವರ್ಷಗಳಾಗಿದ್ದವು. ಆದರೆ ಇಲ್ಲದ ಚುಕ್ಕೆ ತೋರಿಸುವುದಕ್ಕೇ ಸುಶೀಲಮ್ಮನ ಐಎಸ್‌ಒ ಇದ್ದದ್ದು. ಮಂಗಳಕ್ಕ ಕ್ಯಾಮೆರಾ ಎತ್ತಿದರೆ ಯಮ ಕೋಣ ಹತ್ತುತ್ತಾನೆ ಎಂದು ರಸ್ತೆಯೆಲ್ಲ ಸುದ್ದಿಯಾಯಿತು. ಆಗಲೇ ಹಿರಿಯರು ಪಕ್ಕದ ಕ್ರಾಸಿಗೆ ತಿರುಗಲು ಶುರು ಮಾಡಿದ್ದು. ಬೂತಿನ ಹಿಂದೆ ಸಿಕ್ಕಿಬಿದ್ದ ಹೆಡ್‌ಮಾಸ್ಟರು, "ನಿಮ್ಮ ಲೆನ್ಸು ಐವತ್ತೈದಕ್ಕೇ ಮುಗಿಯುತ್ತಂತಲ್ಲಮ್ಮ, ನನಗೆ ಎಪ್ಪತ್ತೆರಡು" ಎಂದು ಮಂಗಳಕ್ಕನ ಹಳೇ ತಪ್ಪನ್ನೇ ಅವರ ಮೇಲೆ ತಿರುಗಿಸಿ ಪಾರಾದರು.

"ಇದ್ರೊಳಗೆ ಯಮ ಇದ್ದಿದ್ರೆ ಡಬ್ಬದ ಮೇಲೆ ಬರೀದೆ ಬಿಡ್ತಿದ್ನಾ ಕಂಪನಿಯೋನು?" ಎಂದು ಮಂಗಳಕ್ಕ ನನ್ನ ಹತ್ತಿರ ಕೂಗಾಡಿದರು. "ವೈಫೈ ಇದೆ ಅನ್ನೋದನ್ನೇ ಅಷ್ಟು ದೊಡ್ಡಕ್ಷರದಲ್ಲಿ ಬರ್ದಿದಾನೆ!"

ಇನ್ನೊಂದು ಕಡೆ ಕೆಲವು ಸೊಸೆಯಂದಿರು ಹಿಂದಿನ ಬಾಗಿಲಿನಿಂದ ಬರತೊಡಗಿದರು. "ನಮ್ಮತ್ತೇದು ಒಂದು ಫೋಟೋ ತೆಗೆದುಕೊಡಿ ಆಂಟಿ" ಎಂದು ಕೇಳುವಾಗ ಅವರ ಕಣ್ಣಲ್ಲಿ ಏನೋ ಒಂದು ಅವಸರ. ಮಂಗಳಕ್ಕ ಅವರಿಗೆ ಒಂದು ಲೋಟ ಕಾಫಿ ಕೊಟ್ಟು, "ಅತ್ತೇನೇ ಬಂದು ಕೇಳ್ಲಿ. ನಿನ್ನ ಅರ್ಜೆಂಟನ್ನ ನನ್ನ ಕ್ಯಾಮೆರಾ ಮೇಲೆ ಹಾಕ್ಬೇಡ ತಾಯಿ" ಎಂದು ಕಳಿಸುತ್ತಿದ್ದರು.

ಇಷ್ಟೆಲ್ಲ ಗೋಡೆಗಳನ್ನು ತುಂಬಿಸಿದರೂ ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಒಂದೇ ಫೋಟೋ. ಮಹಾರುದ್ರಪ್ಪನವರದ್ದು, ನಗುವುದು.

ಮಹಾರುದ್ರಪ್ಪನವರು ಫೋಟೋದಲ್ಲಿ ನಕ್ಕವರೇ ಅಲ್ಲ. ಮದುವೆ ಫೋಟೋದಲ್ಲಿ ಬಾಸಿಂಗ ಕಟ್ಟಿಕೊಂಡು, ಕಾಮಗಾರಿ ತಪಾಸಣೆಗೆ ಬಂದವರ ಹಾಗೆ ನಿಂತಿದ್ದಾರೆ. ಅವರು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಮಂಗಳಕ್ಕನಿಗೆ ಹೆದರಿಕೆ ಹತ್ತಿತ್ತು. ಅದನ್ನು ಅವರು ಹೆದರಿಕೆಯ ಭಾಷೆಯಲ್ಲಿ ಹೇಳುವವರಲ್ಲ. "ನಾಳೆ ಇವ್ರು ಹೋದ್ರೆ ಪೆನ್ಶನ್ ಪುಸ್ತಕದ ಫೋಟೋನೇ ಹಾಕ್ಬೇಕು ಗೋಡೆಗೆ. ಅದ್ರಲ್ಲಿ ಸಿಕ್ಕಿಬಿದ್ದ ಕಳ್ಳನ ಥರ ಇದಾರೆ. ದಿನಾ ಬೆಳಿಗ್ಗೆ ಎದ್ದು ಆ ಮುಖ ನೋಡ್ಬೇಕಾ ನಾನು?" ಅನ್ನುತ್ತಿದ್ದರು. ಒಂದು ದಿನ ಮಾತ್ರ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತ, "ಆಸ್ಪತ್ರೇಲಿ ಒಳಗೆ ಕರ್ಕೊಂಡು ಹೋದ್ರಲ್ಲ, ಆಗ ಹೊರಗೆ ಕೂತು ಇವ್ರು ನಕ್ಕಿದ್ದು ಜ್ಞಾಪಿಸ್ಕೊಳ್ಳೋಕೆ ನೋಡ್ದೆ ಕಣಪ್ಪ. ಬರ್ಲೇ ಇಲ್ಲ" ಅಂದರು. ನಾನೂ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸಿದೆ.

ಮಹಾರುದ್ರಪ್ಪನವರು ಮಾತ್ರ ಜಪ್ಪಯ್ಯ ಎಂದರೂ ಕೂರಲೊಲ್ಲರು. ಯಮನ ಕತೆಯನ್ನು ತಾವು ನಂಬುವುದಿಲ್ಲ, ತಾವು ಎಂಜಿನಿಯರು, ಆದರೆ ಸದ್ಯಕ್ಕೆ ಪುರುಸೊತ್ತಿಲ್ಲ ಅನ್ನುತ್ತಿದ್ದರು. ಮಂಗಳಕ್ಕ ಕಳ್ಳದಾರಿ ಹಿಡಿದರು. ಬಾಗಿಲ ಪರದೆಯ ಹಿಂದೆ ಅಡಗಿ ಒಂದೇ ಸಮನೆ ಫೋಟೋ ಹೊಡೆಯುವ ಮೋಡಿಗೆ ಹಾಕಿದರು. ಆದರೆ ಆ ಕ್ಯಾಮೆರಾದೊಳಗೆ ಒಂದು ಕನ್ನಡಿ ಇದೆ, ಪ್ರತಿ ಫೋಟೋಕ್ಕೂ ಅದು ಮೇಲೆದ್ದು ಕೆಳಗೆ ಬಡಿಯುತ್ತದೆ. ಮೊದಲನೇ ಸದ್ದಿಗೇ ಪೇಪರು ಮುಖದ ಮೇಲೆ ಬರುತ್ತಿತ್ತು. ಹಾಗಾಗಿ ಮಂಗಳಕ್ಕನ ಹತ್ತಿರ ಕನ್ನಡ ಪತ್ರಿಕೆಗಳ ಮುಖಪುಟಗಳ ಒಳ್ಳೆಯ ಸಂಗ್ರಹವಾಯಿತು. ಸದ್ದು ಕಡಿಮೆ ಮಾಡುವ ಮೋಡೂ ಒಂದಿತ್ತು. ಅದು ನಾಗರತ್ನ ಪಿಸುಗುಟ್ಟಿದ ಹಾಗೆ, ಮೂರನೇ ಮನೆಗೆ ಕೇಳಿಸುತ್ತಿತ್ತು. ಕೊನೆಗೆ ನನ್ನಿಂದ ವೈಫೈ ಜೋಡಿಸಿಕೊಂಡು, ಕ್ಯಾಮೆರಾವನ್ನು ಫ್ರಿಜ್ಜಿನ ಮೇಲೆ ಡಬ್ಬಗಳ ನಡುವೆ 'ಸುಮ್ಮನೆ' ಇಟ್ಟು, ಅಡುಗೆಮನೆಯಿಂದ ಫೋನಿನಲ್ಲಿ ಗುಂಡಿ ಒತ್ತಿದರು. ಅದು ಹತ್ತು ಸೆಕೆಂಡಿನ ಟೈಮರಿನಲ್ಲಿತ್ತು. ಕ್ಯಾಮೆರಾ ಮಿಣಮಿಣ ಕೆಂಪು ದೀಪ ಹಚ್ಚಿಕೊಂಡು ಬೀಪ್ ಬೀಪ್ ಎಂದು ಕೂಗತೊಡಗಿದಾಗ, ಮಹಾರುದ್ರಪ್ಪನವರು ಫ್ರಿಜ್ಜು ಸಿಡಿಯುತ್ತದೆಂದು ಮೇನ್ ಸ್ವಿಚ್ಚು ಆರಿಸಿ ರಸ್ತೆಗೆ ಓಡಿಬಂದರು. ಅವತ್ತು ರಸ್ತೆಯವರೆಲ್ಲ ಅವರ ಮುಖ ನೋಡಿದರು, ಕ್ಯಾಮೆರಾ ಒಂದನ್ನು ಬಿಟ್ಟು.

ಇದಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮಂಗಳಕ್ಕ ಕೆಳಗಿನಿಂದ ನನ್ನನ್ನು ಕೂಗಿದರು. ಹೋಗಿ ನೋಡಿದರೆ ಮಹಾರುದ್ರಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಸಿದ್ಧರಾಗಿದ್ದರು.

"ಕೂರ್ತಾರಂತೆ ಕಣೋ. ಆದ್ರೆ ಒಂದು ಕಂಡೀಷನ್ನು."

"ಕಂಡೀಷನ್ ಏನಿಲ್ಲ" ಅಂದರು ಮಹಾರುದ್ರಪ್ಪನವರು. "ಮೊದ್ಲು ಅವಳು ಕೂರ್ಲಿ. ನಾನು ತೆಗೀತೀನಿ. ಎಲ್ಲಾರ್ದೂ ತೆಗೀತಾಳೆ, ಅವಳ್ದೇ ಒಂದಿಲ್ಲ. ಇದೇನು ನ್ಯಾಯ?"

ಮಂಗಳಕ್ಕ ಅವಸರದಲ್ಲಿ ಸೀರೆ ಉಟ್ಟು ಬಂದು ಹಾಲಿನಲ್ಲಿ ಫ್ರಿಜ್ಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಗಂಡನ ಕೆಲಸ ಬೇಗ ಮುಗಿದರೆ ಸಾಕಾಗಿತ್ತು ಅವರಿಗೆ. ಮಹಾರುದ್ರಪ್ಪನವರು ಊಟದ ಮೇಜಿನ ಮೇಲೆ ನಾಲ್ಕು ದಪ್ಪ ಪುಸ್ತಕ ಪೇರಿಸಿ ಕ್ಯಾಮೆರಾ ಇಟ್ಟರು. ಆಟೋಗೆ ತಿರುಗಿಸಿದರು. "ಬೇರೆ ಮೋಡ್ ಹಾಕ್ಲಾ ಸಾರ್?" ಎಂದು ಕೇಳಿದೆ. "ಆಟೋ ಇರೋದು ಯಾಕೆ ಮತ್ತೆ?" ಅಂದರು. ಮಂಗಳಕ್ಕ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆಮೇಲೆ ಮಹಾರುದ್ರಪ್ಪನವರು ರಸಮಟ್ಟ ತಂದು ಕ್ಯಾಮೆರಾದ ನೆತ್ತಿಯ ಮೇಲಿಟ್ಟು, ಗಾಳಿಗುಳ್ಳೆ ನಡುವಿಗೆ ಬರುವ ತನಕ ಪುಸ್ತಕಗಳ ಕೆಳಗೆ ಮಡಿಸಿದ ಕಾಗದ ತುರುಕುತ್ತ ಹೋದರು. ಮೇಜಿನ ಮೇಲಿದ್ದ ಅವರ ಕಾಫಿ ಆರಿತು. ಕುರ್ಚಿಯಲ್ಲಿ ಮಂಗಳಕ್ಕನ ಮುಖ ಪೆನ್ಶನ್ ಪುಸ್ತಕದ ಫೋಟೋದ ಕಡೆಗೆ ಸಾಗುತ್ತಿತ್ತು.

"ರೀ, ನನ್ನ ಫೋಟೋ ತೆಗೀತಿದೀರೋ, ಅಣೆಕಟ್ಟು ಕಟ್ತಿದೀರೋ?"

"ಅಲ್ಲಾಡ್ಬೇಡ" ಎಂದು ಅವರು ಗುಂಡಿಯನ್ನು ಅರ್ಧ ಒತ್ತಿದರು.

ಹಾಲಿನಲ್ಲಿ ಬೆಳಕು ಸಾಲದು ಎಂದು ಆಟೋ ತಾನೇ ನಿರ್ಧರಿಸಿತು. ಟಕ್ಕೆಂದು ಫ್ಲಾಷು ಎದ್ದಿತು. ಅದರ ನೆತ್ತಿಯ ಮೇಲಿದ್ದ ರಸಮಟ್ಟ ಹಾರಿ ನೇರವಾಗಿ ಕಾಫಿ ಲೋಟಕ್ಕೆ ಬಿತ್ತು, ಕಾಫಿ ಬಿಳಿ ಅಂಗಿಗೆ ಬಿತ್ತು.

"ನಾಗರತ್ನ ಬಂದ್ಲು!" ಎಂದು ಮಂಗಳಕ್ಕ ಕಿರುಚಿ, ಬಾಯ್ತುಂಬ ನಗತೊಡಗಿದರು. ಮಹಾರುದ್ರಪ್ಪನವರು ಬೆಚ್ಚಿ ಗುಂಡಿ ಪೂರ್ತಿ ಒತ್ತಿಬಿಟ್ಟರು. ಬೆಳಕು ಹೊಡೆಯಿತು.

"ಎಲ್ಲಿ ಬಂದ್ಲು? ಊಟಕ್ಕಿರ್ತಾಳಾ?" ಎಂದು ಅವರು ಬಾಗಿಲ ಕಡೆ ತಿರುಗಿದರು.

ಮಂಗಳಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಉಸಿರು ಸಿಕ್ಕಿದಷ್ಟರಲ್ಲಿ, ಯಾವ ಮೋಡು ಯಾರು ಎಂದು ಹೇಳಿದರು. ಮಹಾರುದ್ರಪ್ಪನವರು ಗಂಭೀರವಾಗಿ ಎಲ್ಲ ಕೇಳಿ, "ಹಾಗಾದ್ರೆ ಇದ್ರಲ್ಲಿ ನಾನ್ಯಾರು?" ಅಂದರು. ನಾನು ಫ್ಯಾನಿನ ರೆಕ್ಕೆ ಎಣಿಸುತ್ತ ನಿಂತೆ. ಮಂಗಳಕ್ಕ ಹಸಿರು ಗುರುತು ತೋರಿಸಿದರು. ಅವರು ಕನ್ನಡಕ ಹಾಕಿಕೊಂಡು ಅದನ್ನು ಓದಿ ನನ್ನನ್ನು ಕೇಳಿದರು.

"ಇದೇನು ಮಾಡುತ್ತೆ?"

"ಎಲ್ಲಾನೂ ಅದೇ ನಿರ್ಧಾರ ಮಾಡುತ್ತೆ ಸಾರ್." ಬಾಡಿಗೆ ಮನೆಯ ಆಸೆ ಬಿಟ್ಟೇ ಹೇಳಿದೆ.

"ಸರಿಯಾಗಿ ಮಾಡುತ್ತಾ?"

ನಾನು ಪರದೆ ತೋರಿಸಿದೆ. ಅದರಲ್ಲಿ ಹಿಂದಿನ ಫ್ರಿಜ್ಜು, ಅದರ ಹಿಡಿ, ಅದರ ಮೇಲಿನ ಕೊತ್ತಂಬರಿ ಡಬ್ಬದ ಮುಚ್ಚಳ, ಎಲ್ಲವೂ ಅಚ್ಚುಕಟ್ಟಾಗಿ ಸ್ಪಷ್ಟವಾಗಿದ್ದವು. ಮುಂದೆ ಮಂಗಳಕ್ಕ ಕೊಂಚ ಮಸುಕಾಗಿ, ಒಂದು ಕಣ್ಣು ಮುಚ್ಚಿ, ಬಾಯಿ ತೆರೆದು ನಗುತ್ತಿದ್ದರು. ಮಹಾರುದ್ರಪ್ಪನವರು ಅದನ್ನು ನೋಡಿದರು. ತಮ್ಮ ಅಂಗಿಯ ಮೇಲಿನ ಕಾಫಿ ನೋಡಿದರು. ಲೋಟದಲ್ಲಿ ನಿಂತಿದ್ದ ರಸಮಟ್ಟ ನೋಡಿದರು. ಆಮೇಲೆ ಹೊಟ್ಟೆಯ ಒಳಗೆಲ್ಲೋ ಶುರುವಾಗಿ ಹೆಗಲು ಅಲ್ಲಾಡಿ ಅವರು ನಕ್ಕರು. ಅಷ್ಟು ವರ್ಷ ಆ ಮನೆಯ ಮೇಲ್ಮಹಡಿಯಲ್ಲಿದ್ದ ನಾನು ಆ ಸದ್ದು ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಮಂಗಳಕ್ಕ ಕ್ಯಾಮೆರಾ ಕಿತ್ತುಕೊಂಡು, ತಿರುಗಣೆ ತಿರುಗಿಸಿ, ನಾಗರತ್ನನ ತಲೆ ಒತ್ತಿ ಕೂರಿಸಿ, ಎಡಗಣ್ಣು ಮುಚ್ಚಿಯಾಗಿತ್ತು. ಕನ್ನಡಿ ಟಕಟಕ ಬಡಿಯಿತು. ಪೇಪರು ಕೈಗೆಟುಕುವ ದೂರದಲ್ಲಿರಲಿಲ್ಲ.

ಸಿಕ್ಕಿತು. ಪರದೆಯ ಮೇಲೆ ಅದನ್ನು ಮಂಗಳಕ್ಕ ದೊಡ್ಡದು ಮಾಡಿ ಮಾಡಿ ನೋಡಿದರು. ಆಮೇಲೆ ಮೂಗೊರೆಸಿಕೊಂಡು, "ಸಾಕು. ಇನ್ನು ಇವ್ರು ಯಾವಾಗ ಹೋದ್ರೂ ನಂಗೆ ಯೋಚ್ನೆ ಇಲ್ಲ" ಅಂದರು.

"ನಾನೇ ಮೊದ್ಲು ಹೋಗೋದು ಅಂತ ನೀನೇ ತೀರ್ಮಾನ ಮಾಡ್ಬಿಟ್ಯಾ?"

"ನಾನೂ ಒಂದ್ಸಲ ಆಟೋ ಆಗ್ತೀನಿ ಬಿಡ್ರಿ" ಅಂದರು ಮಂಗಳಕ್ಕ.

ಅವರು ಜೀವನದಲ್ಲಿ ಆಟೋ ಆದದ್ದು ಆ ಒಂದೇ ಸಲ, ಅದೂ ತಪ್ಪಾಯಿತು. ಮುಂದಿನ ಶ್ರಾವಣದಲ್ಲಿ ಒಂದು ಮಧ್ಯಾಹ್ನ ನಾನು ಲಗ್ಗೆರೆಯಲ್ಲಿ ಯಾರದೋ ಕಾರಿನ ಮುರಿದ ಬಾಗಿಲಿನ ಫೋಟೋ ತೆಗೆಯುತ್ತಿದ್ದಾಗ ಫೋನು ಬಂತು. ಒಗೆದ ಬಟ್ಟೆ ಹರವುತ್ತಿದ್ದ ಮಂಗಳಕ್ಕ ತಲೆನೋವು ಎಂದು ಬಂದು ಮಲಗಿದರಂತೆ. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ನಾನು ಆ ಕಾರಿಗೆ ಒರಗಿಕೊಂಡು ಅತ್ತುಬಿಟ್ಟೆ. ಕಾರಿನ ಮಾಲೀಕರು ಪಾಪ, ಅಷ್ಟೊಂದು ಡ್ಯಾಮೇಜ್ ಆಗಿದೆಯಾ ಸಾರ್ ಎಂದು ಕೇಳಿದರು.

ಮರುದಿನ ಫ್ಲೆಕ್ಸಿನವನು ಫೋಟೋ ಕೇಳಲು ಬಂದಾಗ ತಕರಾರು ಎದ್ದಿತು. ರಸ್ತೆಯ ಗೋಡೆಗಳನ್ನೆಲ್ಲ ತುಂಬಿಸಿದವರದ್ದು ಇದ್ದದ್ದು ಆ ಒಂದೇ ಒಂಟಿ ಫೋಟೋ. ಕೆಂಗೇರಿಯಿಂದ ಬಂದಿದ್ದ ನಾಗರತ್ನ ಅದನ್ನು ನೋಡಿ ಎದ್ದು ನಿಂತರು.

"ಅಯ್ಯೋ ಅಣ್ಣ, ಇದನ್ನ ಹಾಕ್ತಾರಾ? ಬಾಯಿ ತೆಗ್ದಿದಾರೆ, ಒಂದ್ಕಣ್ಣು ಮುಚ್ಚಿದಾರೆ, ಹಿಂದೆ ಫ್ರಿಜ್ ಕಾಣುತ್ತೆ. ಸ್ಟುಡಿಯೋದೋರು ಕಂಪ್ಯೂಟರಲ್ಲಿ ಬಾಯಿ ಮುಚ್ಚಿ, ಕಣ್ಣು ತೆಗ್ದು, ರೇಷ್ಮೆ ಸೀರೆ ಉಡಿಸಿ ಕೊಡ್ತಾರೆ."

ನೆಂಟರೆಲ್ಲ ಅದೇ ಸರಿ ಅಂದರು. ಮಹಾರುದ್ರಪ್ಪನವರು ಗೋಡೆಗೊರಗಿ ಕೂತಲ್ಲಿಂದ ಯಾರನ್ನೂ ಕೇಳದೆ, ತಲೆಯೂ ಎತ್ತದೆ, "ಅದೇ ಇರ್ಲಿ" ಅಂದರು.

"ಫ್ರಿಜ್ಜು, ಅಣ್ಣ..."

"ಫ್ರಿಜ್ಜೂ ಇರ್ಲಿ."

ಹಾಗೆ ನಮ್ಮ ರಸ್ತೆಯ ಮೂಲೆಯಲ್ಲಿ, ಮರಿಗೌಡರ ಫ್ಲೆಕ್ಸು ನಿಂತಿದ್ದ ಜಾಗದಲ್ಲೇ, ಮಂಗಳಕ್ಕ ಫ್ರಿಜ್ಜಿನ ಮುಂದೆ ಕೂತು ಒಂದು ಕಣ್ಣು ಮುಚ್ಚಿ ನಕ್ಕರು. ಅವರನ್ನು ಕಂಡರೆ ಓಡುತ್ತಿದ್ದ ಹಿರಿಯರೆಲ್ಲ ಅವತ್ತು ಕ್ರಾಸಿಗೆ ತಿರುಗದೆ ಬಂದು ಎದುರು ನಿಂತರು. ಹೆಡ್‌ಮಾಸ್ಟರು ಬಹಳ ಹೊತ್ತು ನೋಡಿ, "ಈಗ ನಂದು ಯಾರು ತೆಗೀತಾರೆ?" ಎಂದು ಕೇಳಿ ಕಣ್ಣೊರೆಸಿಕೊಂಡರು.

ನಾನು ಆಮೇಲೆ ಮದುವೆಯಾಗಿ ಬೇರೆ ಕಡೆಗೆ ಮನೆ ಬದಲಾಯಿಸಿದೆ. ಹೋದ ತಿಂಗಳು ಬಸವೇಶ್ವರನಗರದ ಕಡೆ ಕೆಲಸವಿತ್ತು, ಹಳೇ ಮನೆಗೆ ಹೋಗಿ ಬಂದೆ. ಮದುವೆಯಾಗಿ ಬಾಪೂಜಿ ನಗರದಲ್ಲಿರುವ ಅವರ ಮಗಳು ಬಂದಿದ್ದಳು, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು, ಘಾಟು ಎಂದಿನಂತೆ ಹಾಲಿಗೆ ಬರುತ್ತಿತ್ತು. ಕಿಟಕಿಯ ಕಡೆ ಇರುತ್ತಿದ್ದ ಮಹಾರುದ್ರಪ್ಪನವರ ಕುರ್ಚಿ ಈಗ ಗೋಡೆಯ ಕಡೆ ತಿರುಗಿತ್ತು. ಪೇಪರು ಮಡಿಸಿದ ಹಾಗೆಯೇ ತೊಡೆಯ ಮೇಲಿತ್ತು. ಎದುರಿಗೆ ಮಂಗಳಕ್ಕ ನಗುತ್ತಿದ್ದರು. ಸಪ್ಪೆ ಮುಖ ಮಾಡಿಕೊಂಡು ಒಳಗೆ ಹೋದ ನನಗೂ ಆ ಫೋಟೋ ನೋಡಿ ನಗು ಬಂದುಬಿಟ್ಟಿತು.

"ಎಲ್ಲಾರೂ ಹಾಗೇ ನಗ್ತಾರೆ" ಅಂದರು ಮಹಾರುದ್ರಪ್ಪನವರು. ಎದ್ದು ಬೀರುವಿನಿಂದ ಹಳೇ ಪಂಚೆಯಲ್ಲಿ ಸುತ್ತಿದ್ದ ಒಂದು ಫ್ರೇಮು ತಂದು ನನ್ನ ಕೈಗಿಟ್ಟರು. ಬಿಚ್ಚಿದೆ. ಕಾಫಿ ಕಲೆಯ ಬಿಳಿ ಅಂಗಿ, ಹೆಗಲು ಎತ್ತಿ, ಬಾಯಿ ತೆರೆದು ನಗುತ್ತಿರುವ ಅವರದೇ ಮುಖ, ಕೂದಲೆಳೆಯೂ ಎಣಿಸುವಷ್ಟು ಸ್ಪಷ್ಟ.

"ಮೊಳೆ ಹೊಡೆದಿಟ್ಟಿದೀನಿ ನೋಡು" ಎಂದು ಮಂಗಳಕ್ಕನ ಪಕ್ಕದ ಖಾಲಿ ಗೋಡೆ ತೋರಿಸಿದರು. ಮೊಳೆ ಮಂಗಳಕ್ಕನದ್ದಕ್ಕಿಂತ ಒಂದಿಂಚು ಕೆಳಗಿತ್ತು. ರಸಮಟ್ಟ ಹಿಡಿದೇ ಮೊಳೆ ಹೊಡೆಯುತ್ತಿದ್ದ ಮನುಷ್ಯ.

"ಮಟ್ಟ ತಪ್ಪಿದೆಯಲ್ಲ ಸಾರ್?"

"ಬೇಕಂತಲೇ. ಸಮಕ್ಕೆ ಹಾಕ್ದೆ ಅಂದ್ರೆ ಬೈತಾಳೆ." ಫ್ರೇಮನ್ನು ವಾಪಸು ತೆಗೆದುಕೊಂಡು ಪಂಚೆಯಲ್ಲಿ ಸುತ್ತುತ್ತ, ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಆ ದಿನ ನೀನೇ ಬಂದು ಇದನ್ನ ಹಾಕ್ಬೇಕು. ನಾಗರತ್ನನ ಕೈಗೆ ಸಿಗೋಕೆ ಬಿಡ್ಬೇಡ. ನನ್ನ ಬಾಯಿ ಮುಚ್ಚಿಸ್ಬಿಡ್ತಾಳೆ."

ಆಗಲಿ ಸಾರ್ ಅಂದೆ.